ಸೊನ್ನೆ ಎಂದು ಬರೆದಿಲ್ಲ

ಸಾಲಗಾಮೆ ರಸ್ತೆಯ ಲ್ಯಾಬಿನ ಕಿಟಕಿಯಿಂದ
ಸಬಿಹಾ ಎಂಬ ಹುಡುಗಿ ಕೂಗುತ್ತಾಳೆ:
'ಧರಣೇಂದ್ರಯ್ಯ, ಅರವತ್ತೇಳು, ಗಂಡು.'
ಕೊನೆಯ ಪದಕ್ಕೆ ಒಳಗೇ ನಕ್ಕು
ಪ್ಯಾಡು ಸರಿಮಾಡಿಕೊಂಡು ಎದ್ದೆ.

ಮೂವತ್ತೊಂದು ವರ್ಷ ನಾನು ತೂಕ ಅಳತೆಯ ಇಲಾಖೆಯವ.
ಅರಕಲಗೂಡು, ಆಲೂರು, ಹೊಳೆನರಸೀಪುರ,
ಸಂತೆ ಸಂತೆಯ ತಕ್ಕಡಿಗೆ ಮುದ್ರೆ ಒತ್ತಿದವ.
ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ
ಮೂಟೆಗಳ ನಡುವೆ ಗ್ರಾಂ ಗ್ರಾಂ ಲೆಕ್ಕ ಹಿಡಿದವ,
ಒಂದು ಗೆಡ್ಡೆಯನ್ನೂ ಬಾಯಿಗಿಡದ ಜೈನರವ.

ಮೊದಲ ಕಾಗದ ಬಂದದ್ದು ಆಪರೇಷನ್ನಾದ ಹತ್ತನೆಯ ದಿನ.
ತೆಗೆದದ್ದನ್ನು ಹೋಳು ಮಾಡಿ ನೋಡಿದವರ ವರದಿ:
ನಲವತ್ತೆರಡು ಗ್ರಾಂ.
ನನ್ನೊಳಗಿನದನ್ನು ಯಾರೋ ತೂಗಿದ್ದರು,
ಯಾವ ತಕ್ಕಡಿಯೋ, ಮುದ್ರೆ ಬಿದ್ದಿತ್ತೋ ಇಲ್ಲವೋ.
ಅದರ ಕೆಳಗೆ, ಮೂರು ಕೂಡಿಸು ನಾಲ್ಕು, ಏಳು.
'ನಾಲ್ಕು ಕೂಡಿಸು ಮೂರು ಆಗಿದ್ದರೆ
ಬೇರೆ ಮಾತಾಡಬೇಕಿತ್ತು' ಅಂದರು ಡಾಕ್ಟರು.
ಹುಣಸೆಬೀಜ ಜೋಡಿಸಿ ಕಲಿತ ಲೆಕ್ಕ
ಅವರ ಮೇಜಿನ ಮೇಲೆ ಚೆಲ್ಲಿಹೋಯಿತು.
ಅಂಚು ಶುದ್ಧವಾಗಿದೆ, ಎಂದೂ ಓದಿದರು.
ಕುಸುಮಾವತಿ ಆ ಸಾಲನ್ನು
ಅಂಗಡಿಯಲ್ಲಿ ಸೀರೆ ನೋಡುವಂತೆ
ಎರಡು ಸಲ ಬೆರಳಲ್ಲಿ ಸವರಿದಳು.

ಆಮೇಲೆ ರಕ್ತದ ಸರದಿ.
ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ,
ನನ್ನದು ಮೂರು ತಿಂಗಳಿಗೊಮ್ಮೆ.

ಮೊದಲ ಸಲ, ಸೊನ್ನೆ ಬಿಂದು ಸೊನ್ನೆ ಮೂರು,
ಅದರ ಮುಂದೆ 'ಇದಕ್ಕಿಂತ ಕಡಿಮೆ' ಎಂಬ ಗುರುತು,
ಅಂಕಿಯ ಕಡೆಗೆ ಕೊಕ್ಕು ತೆರೆದ ಹಕ್ಕಿಮರಿ.
'ಅಂದ್ರೆ ಸೊನ್ನೆ ಅಪ್ಪಾಜಿ' ಎಂದು ಮಗಳು ಕುಣಿದಳು.
ಸೊನ್ನೆ ಎಂದು ಬರೆದಿಲ್ಲಮ್ಮ, ಅಂದೆ.
ಯಾವ ತಕ್ಕಡಿಯೂ ಸೊನ್ನೆಯನ್ನು ಕಂಡದ್ದಿಲ್ಲ.
ಮುಳ್ಳು ನಿಂತಲ್ಲಿ
ಅದರ ಕಣ್ಣು ಮುಗಿಯುತ್ತದೆ, ಅಷ್ಟೆ.

ಎರಡನೆಯ ಸಲ, ಸೊನ್ನೆ ಬಿಂದು ಸೊನ್ನೆ ನಾಲ್ಕು.
ಹಕ್ಕಿ ಹಾರಿಹೋಗಿತ್ತು.
ಹನ್ನೊಂದು ರಾತ್ರಿ ಆ ನಾಲ್ಕು
ನನಗೂ ಕುಸುಮಾವತಿಗೂ ನಡುವೆ ಮಲಗಿತು.
'ಅದು ಯಂತ್ರದ ತೂಗಾಟ' ಅಂದರು ಡಾಕ್ಟರು.
'ಸೊನ್ನೆ ಬಿಂದು ಎರಡು ದಾಟಲಿ, ಎರಡು ಸಲ ದಾಟಲಿ,
ಆಗ ನೋಡೋಣ. ಲ್ಯಾಬು ಮಾತ್ರ ಬದಲಿಸಬೇಡಿ.'
ನನಗೇ ಹೇಳಿದರು!
ಐದು ಕೆಜಿಗೆ ಇಷ್ಟು ಗ್ರಾಂ ಎಂದು
ಅಂಗಡಿ ಅಂಗಡಿಗೆ ತಪ್ಪಿನ ಮಿತಿ ಹಂಚಿದವನಿಗೆ.
ಕೊಡುವಾಗ ಎಷ್ಟು ಸುಲಭವಿತ್ತು.

ಇವತ್ತು ಮೂರನೆಯದು.
ಬೆಂಚಿನ ತುದಿಯಲ್ಲಿ ಮಂಡಿಯ ಬೋರಲಿಂಗ.
ತೊಂಬತ್ತೆಂಟರಲ್ಲಿ ಅವನ ತೂಕದ ಕಲ್ಲು ತಲೆಕೆಳಗು ಮಾಡಿ
ಹೊಟ್ಟೆ ಕೊರೆದದ್ದನ್ನು ಹಿಡಿದು ದಂಡ ಹಾಕಿದ್ದೆ.
ಈಗ ಇಬ್ಬರದೂ ಕೊರೆದ ಹೊಟ್ಟೆಯೇ.
ಮೇಲಿಂದ ನೋಡಿದರೆ ಕಲ್ಲು ಕಲ್ಲಿನ ಹಾಗೇ ಇದೆ.

'ನಂದು ಸೊನ್ನೆ ಪಾಯಿಂಟ್ ಆರು ಅಂತೆ ಸಾ,
ಹೋದ್ ಸಲ ಮೂರಿತ್ತು.
ಒಂದ್ರೊಳಗೇ ಐತಲ್ಲ, ಪರವಾಗಿಲ್ಲ ತಾನೆ?'
ಅವನ ಹಾಳೆ ನನ್ನ ಕೈಯಲ್ಲಿ.
ಅದರಡಿ ನನ್ನದು, ಹಕ್ಕಿ ವಾಪಸು ಬಂದು ಕೂತದ್ದು.
'ನಿಮ್ದೆಷ್ಟು ಸಾ?'

ಒಂದು ಗ್ರಾಂ ಅತ್ತಿತ್ತ ಆಡದ ನಾಲಿಗೆ ಇದು.
'ಕನ್ನಡಕ ಮರೆತು ಬಂದೆ ಕಣಯ್ಯ.
ನಡಿ, ಡಾಕ್ಟರಿಗೇ ತೋರಿಸೋಣ. ಇವತ್ತೇ. ನಾನೂ ಬರ್ತೀನಿ.'
ಅಂಗಿಯ ಜೇಬಿನೊಳಗೆ ಕನ್ನಡಕ
ಎದೆಗೆ ಒತ್ತುತ್ತಿತ್ತು.

ಮನೆಗೆ ಬಂದಾಗ ಹೊತ್ತು ಮುಳುಗಲು ಇನ್ನೂ ಗಳಿಗೆಯಿತ್ತು.
ಕುಸುಮಾವತಿ ಬಿಂದಿಗೆಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು.
'ಏನಂತೆ?'
'ಕಾಣಲಿಲ್ಲವಂತೆ. ಇಲ್ಲ ಅಂತ ಅಲ್ಲ.'
ಅವಳು ಬಟ್ಟೆ ಬಿಚ್ಚಿ, ಮಗುಚಿ,
ಏನೂ ಕಾಣದ ಆ ಬಟ್ಟೆಯ ಮೇಲೆ
ಮೆಲ್ಲಗೆ ನೀರು ಹಾಕಿ ಬಕೆಟ್ಟಿಗೆ ಇಳಿಸಿದಳು.
'ಕಾಣದ್ದು ಇದೆ ಅಂತಲೇ ಅಲ್ಲವೆ ನಾವು ಸೋಸೋದು.
ಹಾಗಂತ ಕುಡಿಯೋದು ಬಿಟ್ಟಿದೀವಾ?'

ಒಂದು ಲೋಟ ಕುಡಿದೆ.
ಎದ್ದು ನಿಂತಾಗ ಒಂದೆರಡು ಹನಿ ತಪ್ಪಿತು.
ಮಿತಿಯೊಳಗೇ.