ಇಬ್ಬರು ಯಜಮಾನರು

ಡಬ್ಬಿಯ ಮೇಲೆ ಐವತ್ತೆರಡು ಪಟ್ಟು ವೇಗ ಎಂದು ಬರೆದಿತ್ತು.
ಕುತೈಸಿಯಲ್ಲಿ ಅಷ್ಟು ವೇಗವಾಗಿ ಏನಾದರೂ ಆದದ್ದನ್ನು
ಈ ಐವತ್ತಾರು ವರ್ಷದಲ್ಲಿ ನಾನು ಕಂಡಿಲ್ಲ.
ರಿಯೋನಿ ಹೊಳೆ, ಹೌದು,
ಅದೂ ಹಿಮ ಕರಗುವ ಹದಿನೈದು ದಿನ.

ನಾಲ್ಕು ತಿರುಪು. ಒಂದು ಉರುಳಿ ಜೆರಾಕ್ಸ್ ಯಂತ್ರದಡಿ ಸೇರಿತು,
ಮೂರಕ್ಕೇ ಬಿಟ್ಟೆ.
ಬೂದು ಪಟ್ಟಿಯಂಥ ಕೇಬಲ್ಲು, ಒಂದಂಚಿಗೆ ಕೆಂಪು ಗೆರೆ,
ಕೆಂಪು ಕರೆಂಟಿನ ಮಗ್ಗುಲಿಗೆ ಬರಬೇಕೆಂದು
ತಿಬಿಲಿಸಿಯ ಅಂಗಡಿಯವ ಬೆರಳೆತ್ತಿ ಎರಡು ಸಲ ಹೇಳಿದ್ದ.
ಹಾಗೇ ಹಚ್ಚಿದೆ.

ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬಂತು, ಒಳಗೆ ಹೋಯಿತು,
ಡಾಕ್ಟರರೆದುರು ನಾಲಗೆ ಚಾಚುವ ಮಗುವಿನ ಹಾಗೆ, ಭೇಷಾಗಿ.
ಪರದೆ ಮಾತ್ರ ಹೊಸದನ್ನು ಕಾಣೆನೆಂದಿತು.
ಹೊಸದಿರಲಿ, ಐದು ವರ್ಷ ದುಡಿದ ಹಳೆಯ ಹಾರ್ಡ್ ಡಿಸ್ಕನ್ನೂ
ಯಾರಿದು, ಎಂದಿತು.

ಬಿಚ್ಚಿದೆ. ಹಾಕಿದೆ. ಊದಿದೆ. ಬಿಚ್ಚಿದೆ.
ಕರೆಂಟು ಹೋಯಿತು. ಮೇಣದಬತ್ತಿ ಹಿಡಿದು ಕೂತೆ.
ಆ ಬೆಳಕಲ್ಲೇ ಕಂಡದ್ದು, ಅದರ ಬೆನ್ನಲ್ಲಿ,
ಜೋಳದ ಕಾಳಿಗಿಂತ ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆ,
ಎರಡು ಮುಳ್ಳುಗಳ ಮೇಲೆ ಕೂತಿದೆ.
ಭೂತಗನ್ನಡಿ ಹಿಡಿದು ಓದಿದೆ: ಯಜಮಾನ.
ಹಾರ್ಡ್ ಡಿಸ್ಕಿನ ಬೆನ್ನು ನೋಡಿದೆ. ಅಲ್ಲೂ ಯಜಮಾನ.
ಒಂದೇ ಕೇಬಲ್ಲು, ಒಂದೇ ಒರೆ, ಎರಡು ಕತ್ತಿ.

ನಕ್ಕೆನೋ ಏನೋ. ಬತ್ತಿ ಅಲುಗಿತು.

ಅಂಬ್ರೋಸಿ, ವಾರ್ಲಾಮ್.
ನಮ್ಮ ಏಳು ಜನರ ಮೇಳದಲ್ಲಿ ಹಾಡು ಎತ್ತುವವರು ಇಬ್ಬರು,
ಎತ್ತುವವನು ಒಬ್ಬನೇ ಆಗಬೇಕೆಂದು ಗೊತ್ತಿದ್ದೂ ಇಬ್ಬರು.
ಒಂದು ಸಾವಿನ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಎತ್ತಿದರು,
ಬೇರೆ ಬೇರೆ ಶ್ರುತಿಯಲ್ಲಿ, ಹೆಣದ ಮುಂದೆ.
ಅಲ್ಲಿಂದ ಒಂಬತ್ತು ವರ್ಷ ಮಾತಿಲ್ಲ, ಮೇಳವಿಲ್ಲ.
ನಾನು ಬನಿ, ಅಂದರೆ ಕೆಳಗಿನ ದನಿ.
ಅವರು ಮೇಲೆ ಏನೇ ಕುಣಿಯಲಿ
ಒಂದು ಸ್ವರವನ್ನು ಬಿಡದೆ ಹಿಡಿದು ನಿಂತವನು.
ಇಂಗ್ಲಿಷಿನ ಕೈಪಿಡಿ ಎರಡನೆಯದಕ್ಕೆ ಗುಲಾಮ ಎನ್ನುತ್ತದೆ.
ನಮ್ಮಲ್ಲಿ ಯಾರೂ ಹಾಗಂದಿಲ್ಲ.
ಬನಿ ಉಸಿರು ಬಿಟ್ಟರೆ ಹಾಡೇ ನೆಲಕ್ಕೆ ಬೀಳುತ್ತದೆ.

ಚಿಮಟದಿಂದ ಟೊಪ್ಪಿಗೆ ಕಿತ್ತು ಪಕ್ಕದ ಮುಳ್ಳಿಗೆ ತೊಡಿಸಿದೆ.
ಎರಡೂ ಕಂಡವು.

ಕಂಡರೆ ಮುಗಿಯಿತೆ?
ಇದಕ್ಕೆ ಸುಡುವುದೆನ್ನುತ್ತಾರೆ. ಹೊಗೆಯಿಲ್ಲ, ಬೂದಿಯಿಲ್ಲ,
ಸುಡುವುದು ದುಡ್ಡು.
ಮೊದಲ ಬಿಲ್ಲೆ ನೂರಕ್ಕೆ ಮೂವತ್ತರಲ್ಲಿ ನಿಂತಿತು,
ಎರಡನೆಯದು ತೊಂಬತ್ತೇಳರಲ್ಲಿ, ಅದು ಹೆಚ್ಚು ಉರಿಸಿತು.
ಒಟ್ಟು ಒಂಬತ್ತು ಕೆಟ್ಟವು.
ಪಕ್ಕದ ಮನೆಯ ಎತೇರಿ ಅವಕ್ಕೆ ದಾರ ಪೋಣಿಸಿ
ದ್ರಾಕ್ಷಿ ಚಪ್ಪರಕ್ಕೆ ಕಟ್ಟಿದಳು. ಹಕ್ಕಿ ಹತ್ತಿರ ಸುಳಿಯುತ್ತಿಲ್ಲವಂತೆ,
ಇನ್ನೂ ಇದ್ದರೆ ಕೊಡು ಎನ್ನುತ್ತಾಳೆ.

ಕೊನೆಗೆ ಐವತ್ತೆರಡರ ಆಸೆ ಬಿಟ್ಟು ನಾಲ್ಕಕ್ಕೆ ಇಳಿಸಿದೆ.
ನಾಲ್ಕು. ಎತ್ತಿನ ನಡಿಗೆ.

ಎಂಬತ್ತನಾಲ್ಕರ ಸುರುಳಿ ಟೇಪು, ನಲವತ್ತು ನಿಮಿಷದ್ದು,
ಇಬ್ಬರೂ ಸರದಿಯಲ್ಲಿ ಹಾಡು ಎತ್ತುತ್ತಿದ್ದ ಕಾಲದ್ದು.
ಸುದ್ದಿ ಹೇಗೆ ಹೋಯಿತೋ, ಇಬ್ಬರೂ ಬಂದರು,
ಒಬ್ಬ ಮುಂಬಾಗಿಲಿಂದ, ಒಬ್ಬ ಹಿತ್ತಿಲಿಂದ.
ಅಂಗಡಿಯಲ್ಲಿ ಇರುವುದು ಒಂದೇ ಬೆಂಚು.
ನೆಲ ಅಲುಗಿದರೆ ಬಿಲ್ಲೆ ಕೆಡುತ್ತದೆ, ಎಂದೆ.
ಸುಳ್ಳು. ಪೂರ್ತಿ ಸುಳ್ಳಲ್ಲ.

ಹತ್ತು ನಿಮಿಷ ಕೆಂಪು ದೀಪ ಮಿಟುಕಿತು.
ವಾರ್ಲಾಮನ ಮೊಣಕಾಲು ತಂತಾನೇ ಕುಣಿಯತೊಡಗಿದಾಗ
ಅಂಬ್ರೋಸಿ ಅದರ ಮೇಲೆ ಕೈಯಿಟ್ಟು ಒತ್ತಿ ಹಿಡಿದ,
ಬಿಲ್ಲೆಗಾಗಿ.

ತಟ್ಟೆ ಹೊರಗೆ ಬಂತು. ಬಿಲ್ಲೆ ಬೆಚ್ಚಗಿತ್ತು,
ಜೇಬಲ್ಲಿದ್ದ ನಾಣ್ಯದ ಹಾಗೆ.
ಇದು ನನಗೆ, ಎಂದ ಅಂಬ್ರೋಸಿ.
ನನಗೆ ಬೇರೆಯದೇ ಬೇಕು, ಎಂದ ವಾರ್ಲಾಮ್.
ಹಾಗಾದರೆ ಇನ್ನೂ ಹತ್ತು ನಿಮಿಷ, ಎಂದೆ.

ಕೂತರು.