ಅಕ್ಷರಕ್ಕೆ ಮೂರು ಲರಿ

ಕುತೈಸಿಯ ಬಜಾರಿನ ಹಿಂದೆ, ಗಡಿಯಾರ ರಿಪೇರಿಯವನ ತಲೆಯ ಮೇಲೆ
ಒಂದೇ ಕೋಣೆ ನನ್ನದು.
ಪತ್ರಿಕೆಯ ಕೆಲಸ ಬಿಟ್ಟು ಬಂದ ದಿನ
ಹಳೆಯ ಹೊಲಿಗೆ ಯಂತ್ರದ ಸ್ಟ್ಯಾಂಡನ್ನೇ ಮೇಜು ಮಾಡಿಕೊಂಡೆ.
ಈಗಲೂ ಯೋಚನೆ ನಿಂತಾಗ
ಕಾಲು ತಾನಾಗಿ ಪೆಡಲು ತುಳಿಯುತ್ತದೆ.
ಚಕ್ರ ತಿರುಗುತ್ತದೆ, ಏನನ್ನೂ ಹೊಲಿಯುವುದಿಲ್ಲ.

ಮೊದಲ ವರ್ಷ ಸಿಕ್ಕಿದ್ದನ್ನೆಲ್ಲ ಬರೆದೆ.
ಬಟ್ಟೆ ಒಗೆಯುವ ಯಂತ್ರದ ಕೈಪಿಡಿ:
ಒದ್ದೆ ಕೈಯಿಂದ ಮುಟ್ಟಬೇಡಿ.
ವೈನ್ ಶೀಸೆಯ ಬೆನ್ನಿಗೆ ನಾಲ್ಕು ಸಾಲು:
ನಾನು ರುಚಿಯೇ ನೋಡದ ಆ ವೈನಿನಲ್ಲಿ
ಒಣ ಚೆರ್ರಿ, ಹೊಗೆ, ಯಾರದೋ ಅಜ್ಜನ ಅಟ್ಟದ ವಾಸನೆ.
ಮದುವೆಯೂಟದಲ್ಲಿ ಎದ್ದು ನಿಲ್ಲಬೇಕಾದ
ಮಾತು ಬಾರದ ಸೋದರಮಾವನೊಬ್ಬನಿಗೆ
ಲೋಟ ಎತ್ತುವಾಗ ಆಡುವ ಮಾತು, ಏಳು.
ಆರನೆಯದಕ್ಕೆ ಜನ ಅತ್ತರಂತೆ.
ದುಡ್ಡು ಕೇಳಲು ಹೋದರೆ ಅಂದ:
"ಅತ್ತದ್ದು ವೈನಿಗೆ, ತ್ಸಿಯಾಲಾ. ನಿನ್ನ ಮಾತಿಗಲ್ಲ."

ಲೆಕ್ಕಕ್ಕೊಂದು ನೋಟುಬುಕ್ಕು ಇಟ್ಟೆ.
ಎಡಕ್ಕೆ ಬರಬೇಕಾದ್ದು, ಬಲಕ್ಕೆ ಬಂದದ್ದು.
ಎಡಕ್ಕೆ ತುಂಬು ಬಸುರಿ,
ಬಲಕ್ಕೆ ಈಸ್ಟರಿನ ಮುಂಚಿನ ಉಪವಾಸ.
ನನಗೆ ಮೇಲಧಿಕಾರಿ ಇಲ್ಲ ಅಂದೆ ಅಕ್ಕ ಮಾಕ್ವಾಲಾಗೆ, ಹೆಮ್ಮೆಯಿಂದ.
"ಇದ್ದಾರೆ, ಹದಿನಾಲ್ಕು ಜನ," ಅಂದಳು.
"ಒಬ್ಬನೂ ಸಂಬಳ ಕೊಡಲ್ಲ."

ಆಮೇಲೆ ಗೆರೋಂಟಿ ಸಿಕ್ಕಿದ.
ಗೋರಿಕಲ್ಲು ಕೆತ್ತುವವನು, ಹುಬ್ಬಿನ ತುಂಬ ಬಿಳಿ ಪುಡಿ.
"ನಮ್ಮ ಲಿಪಿ ನೋಡು, ಎಲ್ಲ ದುಂಡು, ಎಲ್ಲ ಕೊಕ್ಕೆ,
ಉಳಿಗೆ ಒಂದು ನೆಟ್ಟನೆಯ ಗೆರೆ ಸಿಗೋದಿಲ್ಲ.
ಅಕ್ಷರಕ್ಕೆ ಮೂರು ಲರಿ ತಗೊಳ್ಳದೆ ನನಗೆ ಗಿಟ್ಟಲ್ಲ.
ಬಡವರ ಮನೆ ಸಾವಿಗೆ ಕಡಿಮೆ ಅಕ್ಷರದಲ್ಲಿ ಬರೆದುಕೊಡು.
ನಿನಗೆ ಕಲ್ಲಿಗೆ ಇಪ್ಪತ್ತು."
ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟಬೇಕಲ್ಲವೇ ಅಂದೆ.
"ಮುತ್ತೂ ದುಂಡೇ," ಅಂದ. "ಕೆತ್ತಿ ನೋಡು."

ಮೊದಲ ಕಲ್ಲಿಗೆ ನಲವತ್ತು ಪದ ಒಯ್ದೆ.
ಅವನು ಓದಲಿಲ್ಲ, ಎಣಿಸಿದ.
"ಹೆಂಡತಿ ಬಜಾರಿನಲ್ಲಿ ಕೊತ್ತಂಬರಿ ಮಾರುತ್ತಾಳೆ," ಅಂದ, ಅಷ್ಟೆ.

ಮೆಟ್ಟಿಲ ಮೇಲೆ ಕೂತು ಹೊಡೆದು ಹಾಕುತ್ತ ಬಂದೆ.
ಪ್ರೀತಿಯ ಹೋಯಿತು.
ಮರೆಯಲಾಗದ ಹೋಯಿತು.
ಸ್ವರ್ಗ ಹೋಯಿತು, ಹೋಗುವಾಗ
ಎರಡು ಅಲ್ಪವಿರಾಮಗಳನ್ನೂ ಕರೆದುಕೊಂಡು.
ಉಳಿದದ್ದು:

ಬಸ್ಸು ಓಡಿಸಿದ.
ತಡವಾಗಿ ಬಂದವರಿಗೆ ಕಾದ.

ಆಕೆ ಕಲ್ಲಿನ ಮೇಲೆ ಬೆರಳಾಡಿಸಿ ಓದಿದಳು.
ಇದನ್ನು ಇವಳಿಗೆ ಹೇಳಿದವರು ಯಾರು ಎಂದು ಗೆರೋಂಟಿಯನ್ನು ಗದರಿದಳು.
(ಅವಳೇ ಹೇಳಿದ್ದು, ಚೌಕಾಸಿ ಮಾಡುವಾಗ.)
ಮರುದಿನ ನನ್ನ ಬಾಗಿಲಿಗೆ ಒಂದು ಹೊರೆ ಸೊಪ್ಪು ಬಂತು.
ಆ ವಾರ ಬೆಳಿಗ್ಗೆ ಕೊತ್ತಂಬರಿ, ರಾತ್ರಿ ಕೊತ್ತಂಬರಿ.

ಎಲ್ಲ ಸರಿಹೋಯಿತು ಅಂತಲ್ಲ.
ಫೆಬ್ರವರಿಯಲ್ಲಿ ಸೋತು
ನೀರು ಸರಬರಾಜು ಕಚೇರಿಗೆ ಅರ್ಜಿ ಹಾಕಿದೆ.
ಕೆಲಸ ಬೇರೆ ಯಾರಿಗೋ ಆಯಿತು.
ಅರ್ಜಿ ಚೆನ್ನಾಗಿದೆ ಎಂದ ಅಲ್ಲಿನ ಗುಮಾಸ್ತ
ತನ್ನ ಬಡ್ತಿಯ ಅರ್ಜಿ ಬರೆಸಿಕೊಂಡ. ಹದಿನೈದು ಲರಿ.
ಬಲಗಡೆಯ ಪುಟಕ್ಕೆ ಬಂತು.

ಬೆಳಗಿನ ಐದರಿಂದ ಏಳು ಮಾತ್ರ ಯಾರಿಗೂ ಮಾರಿಲ್ಲ.
ಆಗ ಕೆಳಗೆ ಗಡಿಯಾರಗಳು
ಒಂದೊಂದೂ ಒಂದೊಂದು ಹೊತ್ತು ಹೊಡೆಯುತ್ತಿರುತ್ತವೆ,
ನಾನು ನನ್ನ ಕಾದಂಬರಿಯ ಮುಂದೆ ಕೂತಿರುತ್ತೇನೆ.
ನಾನೂರಿದ್ದ ಪುಟ ನೂರ ಹತ್ತಕ್ಕೆ ಇಳಿದಿದೆ.
ಚೆಂದದ ಸಾಲೊಂದು ಸೆರಗು ಹಾರಿಸುತ್ತ ಬಂದರೆ ಕೇಳುತ್ತೇನೆ:
ನಿನ್ನನ್ನು ಕಲ್ಲಿಗೆ ಹಾಕಲು
ಯಾರು ಎಷ್ಟು ಕಟ್ಟು ಕೊತ್ತಂಬರಿ ಮಾರಬೇಕು?

ಕೆಲವು ಸಾಲು ತಲೆ ತಗ್ಗಿಸಿ ಹೋಗುತ್ತವೆ.
ಕೆಲವು ಜಗಳಕ್ಕೆ ನಿಲ್ಲುತ್ತವೆ.
ಜಗಳಕ್ಕೆ ನಿಂತದ್ದನ್ನು ಇಟ್ಟುಕೊಳ್ಳುತ್ತೇನೆ.

ನಿನ್ನೆ ಯಂತ್ರದ ಕಂಪನಿಯವರ ಫೋನು.
ಹೊಸ ಮಾದರಿ ಬಂದಿದೆ, ಎಚ್ಚರಿಕೆಗಳು ಅವೇ,
ಹಳೆಯ ಬಾಕಿಯನ್ನೂ ಸೇರಿಸಿ ಕೊಡುತ್ತಾರಂತೆ.
ಆಗಲಿ ಅಂದೆ.

ಇವತ್ತು ಐದಕ್ಕೆ ಇನ್ನೂ ಹತ್ತು ನಿಮಿಷ.
ಸೊಪ್ಪು ತೊಳೆಯುತ್ತಿದ್ದಾಗ ಒಂದು ವಾಕ್ಯ ಬಂತು.
ಕೈ ಒರೆಸಿಕೊಳ್ಳದೆ ಹೋಗಿ ಕೂತೆ.