ಮೂರು ಅಂಗುಲ

ಪಂಚಿಕಾವತ್ತೆಯ ಅಂಗಡಿಯಿಂದ ನಿಜಾಮ್‌ದೀನ್ ಕೇಳುತ್ತಾನೆ ಫೋನಿನಲ್ಲಿ,
ಜಾತಕ ಬರೆಯುವವನು ನಕ್ಷತ್ರ ಕೇಳುವ ಹಾಗೆ:
‘ಒಂಬೈನೂರ ನಲವತ್ತೆಂಟೋ ಮಲ್‌ಕಾಂತಿ ಅಕ್ಕ,
ಸಾವಿರದ ತೊಂಬತ್ತೆಂಟೋ?
ಸಿಸಿ ಹೇಳದೆ ಪಿಸ್ಟನ್ ರಿಂಗು ಕಳಿಸಲಾರೆ.’

ಡಿಕ್ಕಿಯ ಮೇಲೆ ಸಾವಿರ ಎಂದಿದೆಯಲ್ಲ, ಅಂದೆ.
ನಕ್ಕ.
ಮಾರಿಸ್ ಮೈನರಿನ ಬೆನ್ನಿಗಂಟಿದ ಆ ಸಾವಿರ
ಯಾವ ಎಂಜಿನ್ನಿನದೂ ಅಲ್ಲ;
ಮದುವೆ ದಲ್ಲಾಳಿ ಹೇಳುವ ವಯಸ್ಸಿನಂತೆ
ಎಲ್ಲರಿಗೂ ಒಪ್ಪುವ ಒಂದು ಅಂಕಿ.

ಇಪ್ಪತ್ತಾರು ವರ್ಷ ಇದರಲ್ಲೇ ಕಲಿಸಿದ್ದೇನೆ
ಮಾತರದ ಅರ್ಧ ಊರಿಗೆ ಕ್ಲಚ್ಚು ಬಿಡುವುದನ್ನು,
ನಿಲ್ವಲಾ ಸೇತುವೆಯ ಏರಿನಲ್ಲಿ ಹಿಂದಕ್ಕೆ ಜಾರದೆ ನಿಲ್ಲುವುದನ್ನು.
ಮೊನ್ನೆ ತಿಲಿಣಿ ಕನ್ನಡಿ ನೋಡಿ ಹೇಳಿದಳು:
‘ಹಿಂದೆ ಏನೂ ಕಾಣುತ್ತಿಲ್ಲ ಮಿಸ್.
ಎಲ್ಲ ನೀಲಿ.’

ನೋಂದಣಿ ಪುಸ್ತಕದಲ್ಲಿ ಒಂಬೈನೂರ ನಲವತ್ತೆಂಟು.
ಆದರೆ ಮಾರಿದ ವ್ಯಾನ್ ಟ್ವೆಸ್ಟ್ ಬಾನೆಟ್ ತಟ್ಟಿ ಹೇಳಿದ್ದ,
‘ಪುಸ್ತಕ ನಂಬಬೇಡಿ, ದೊಡ್ಡದನ್ನು ಕೂರಿಸಿದ್ದೇನೆ.’
ಎಂಜಿನ್ ನಂಬರಿನ ತಗಡು ಇದ್ದಲ್ಲಿ
ಎರಡು ತೂತು, ಹಾವು ಕಚ್ಚಿ ಹೋದ ಹಾಗೆ.

ಹೆಡ್ಡು ಬಿಚ್ಚಿದೆವು, ನಾನೂ ಚಮತ್‌ನೂ.
ಕ್ಯಾಲಿಪರ್ ಇಳಿಸಿದರೆ ಅರವತ್ತನಾಲ್ಕೂವರೆ ಮಿಲಿಮೀಟರು.
‘ದೊಡ್ಡದೇ!’ ಕುಣಿದ ಹುಡುಗ.
ಪಾಪ ವ್ಯಾನ್ ಟ್ವೆಸ್ಟ್, ಇಷ್ಟು ವರ್ಷ ಅವನನ್ನು
ಬಾಯಿಬಡುಕ ಅಂದುಕೊಂಡಿದ್ದೆನಲ್ಲ.

ಫೋನ್ ಎತ್ತಿದವಳು ಮತ್ತೆ ಇಟ್ಟೆ.
ಸವೆದ ಗೋಡೆಯನ್ನು ಕೊರೆಸುತ್ತಾರೆ. ಮತ್ತೆ ಸವೆದರೆ ಮತ್ತೆ.
ಕೊರೆಸಿ ಕೊರೆಸಿ ಚಿಕ್ಕದೂ ಒಂದು ದಿನ
ದೊಡ್ಡದರ ಅಗಲಕ್ಕೆ ಬಂದು ನಿಲ್ಲುತ್ತದೆ.
ಪಿಸ್ಟನ್ನಿನ ಓಟವನ್ನು ಮಾತ್ರ
ಯಾವ ಲೇತಿನವನೂ ಮುಟ್ಟಿರುವುದಿಲ್ಲ.

ಚಮತ್‌ನ ಶಾಲೆಯ ಸ್ಟೀಲ್ ಸ್ಕೇಲು ತರಿಸಿದೆ.
ಫ್ಯಾನ್ ಹಿಡಿದು ಮೆಲ್ಲಗೆ ತಿರುಗಿಸು, ಅಂದೆ.
ಮೇಲಿದ್ದ ಪಿಸ್ಟನ್ ಇಳಿಯಿತು, ಇಳಿಯಿತು,
ಬಾವಿಗೆ ಬಿಟ್ಟ ಕೊಡದಂತೆ ಒಂದೆಡೆ ತಂಗಿತು.
ಮೂರು ಅಂಗುಲ.
ಮೂರೂಕಾಲು ದಾಟಬೇಕಿತ್ತು ದೊಡ್ಡದಾಗಿದ್ದರೆ.
ಹಿಂದೆ ತಿರುಗಿಸಿ ಇನ್ನೊಮ್ಮೆ ಅಳೆದೆ. ಮೂರೇ.

ಸೀಮೆಎಣ್ಣೆ ಬಟ್ಟೆಯಲ್ಲಿ ಪಿಸ್ಟನ್ನಿನ ನೆತ್ತಿ ಉಜ್ಜಿದೆ.
ಮಸಿಯ ಅಡಿಯಿಂದ ಎದ್ದಿತು ಕೆತ್ತಿದ ಬರಹ:
ಸೊನ್ನೆ ಆರು ಸೊನ್ನೆ.
ಇಪ್ಪತ್ತು, ನಲವತ್ತು, ಕೊನೆಗೆ ಅರವತ್ತು,
ಇನ್ನೂ ಕೊರೆದರೆ ನೀರಿನ ದಾರಿಗೇ ತೂತು.

ಅಂದರೆ ಪುಸ್ತಕ ಹೇಳಿದ್ದು ನಿಜವೇ.
ಆದರೂ ಅದನ್ನೇ ಓದಿ ರಿಂಗು ತರಿಸಿದ್ದರೆ
ಕೊಡದ ಬಾಯಿಗೆ ಚೆಂಬಿನ ಮುಚ್ಚಳ.

‘ಒಂಬೈನೂರ ನಲವತ್ತೆಂಟು,’ ಅಂದೆ ನಿಜಾಮ್‌ದೀನನಿಗೆ,
‘ಅರವತ್ತು ಓವರ್‌ಸೈಜು.’
ಆ ಕಡೆ ಏಣಿ ಸರಿಸಿದ ಸದ್ದು, ಡಬ್ಬಿಗಳ ಸದ್ದು, ಕೆಮ್ಮು.
‘ಒಂದೇ ಸೆಟ್ಟು ಇದೆ ಅಕ್ಕ. ಯಾರೂ ಕೇಳುವುದಿಲ್ಲ ಇದನ್ನು.’

ಗೇಟಿನ ಬಳಿ ತಿಲಿಣಿ, ಕೈಯಲ್ಲಿ ಚಪ್ಪಲಿ:
‘ಇವತ್ತು ಕ್ಲಾಸ್ ಇಲ್ವಾ ಮಿಸ್?’
ಇದೆ, ಬಾ.
ಮೊದಲು ಆ ಸ್ಕೇಲು ಹಿಡಿ.